ನೀರಿನ ಪಾಳಿ ಹೇಳಿ, ಆಮೇಲೆ ದಂಡ ಹಾಕಿ

ಬಳ್ಳಾರಿ ಮಹಾನಗರ ಪಾಲಿಕೆ, ಸಿರುಗುಪ್ಪ ನಗರಸಭೆ ಮತ್ತು ಕುರುಗೋಡು ಪುರಸಭೆಯ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸದಸ್ಯರೇ,

2024ರ ಸೆಪ್ಟೆಂಬರ್ ಮೊದಲ ವಾರದಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ಹೊಸ ನಿಯಮ ಬಂತು, ಅದರ ಬೆನ್ನಿಗೆ ದಂಡದ ಪಟ್ಟಿಯೂ ಬಂತು. ಪಟ್ಟಣದ ಮನೆಯಲ್ಲಿ ಸೊಳ್ಳೆಮರಿ ಸಿಕ್ಕರೆ 400 ರೂಪಾಯಿ, ಹಳ್ಳಿಮನೆಯಲ್ಲಾದರೆ 200. ಅಂಗಡಿ, ಹೋಟೆಲು, ಕಚೇರಿಗಳಿಗೆ ಪಟ್ಟಣದಲ್ಲಿ 1,000, ಹಳ್ಳಿಯಲ್ಲಿ 500. ಕಟ್ಟಡ ಏಳುತ್ತಿರುವ ಜಾಗಕ್ಕೆ, ಖಾಲಿ ಸೈಟಿಗೆ 2,000, ಹಳ್ಳಿಯಲ್ಲಿ 1,000. ಸೊಳ್ಳೆಗೆ ಜಾಗ ಕೊಟ್ಟವರೆಲ್ಲ ಆ ಪಟ್ಟಿಯಲ್ಲಿದ್ದಾರೆ. ನಳಕ್ಕೆ ನೀರು ಬಿಡಬೇಕಾದವರು ಮಾತ್ರ ಇಲ್ಲ.

ಈ ಪತ್ರ ಬರೆಯುತ್ತಿರುವುದು ಅದೊಂದೇ ಕಾರಣಕ್ಕೆ. ಡೆಂಗಿ ಬಂದಾಗಲೆಲ್ಲ ಜನರಿಗೆ ತಿಳಿವಳಿಕೆ ಇಲ್ಲ, ಸ್ವಚ್ಛತೆ ಇಲ್ಲ ಎಂಬ ಮಾತು ವೇದಿಕೆಗಳಿಂದ ಕೇಳಿಬರುತ್ತದೆ. ಕರಪತ್ರ ಹಂಚಲಾಗುತ್ತದೆ, ಆಟೋದಲ್ಲಿ ಮೈಕು ಕಟ್ಟಿ ‘ನೀರು ಶೇಖರಿಸಿಡಬೇಡಿ’ ಎಂದು ಕೂಗಿಸಲಾಗುತ್ತದೆ. ನೀರು ಶೇಖರಿಸದೆ ಬಳ್ಳಾರಿಯಲ್ಲಿ ಒಂದು ಸಂಸಾರ ಹೇಗೆ ನಡೆಯಬೇಕು ಎಂಬುದನ್ನು ಆ ಆಟೋ ಹೇಳುವುದಿಲ್ಲ.

ಈ ಊರಿನಲ್ಲಿ ವಾರಕ್ಕೊಮ್ಮೆ ನೀರು ಬಂದರೆ ಅದು ಒಳ್ಳೆಯ ಪಾಳಿ. ಬೇಸಿಗೆಯಲ್ಲಿ ಹತ್ತು ದಿನ ದಾಟಿದ ಸುದ್ದಿ, ಹೆಂಗಸರು ಖಾಲಿ ಕೊಡ ಹಿಡಿದು ರಸ್ತೆಗಿಳಿದ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟಗಳಿಗೆ ಹಳೆಯದಾಗಿಬಿಟ್ಟಿದೆ. ತುಂಗಭದ್ರೆಯ ಕಾಲುವೆ ಹರಿಯುವಾಗ ಅಲ್ಲೀಪುರ, ಮೋಕಾದ ಕೆರೆಗಳನ್ನು ತುಂಬಿಸಿಕೊಂಡು, ಕಾಲುವೆ ನಿಂತ ಮೇಲೆ ಅದನ್ನೇ ಎಳೆದೆಳೆದು ಬಳಸುವ ಊರು ನಮ್ಮದು. ಹಾಗಾಗಿ ಇಲ್ಲಿ ಮನೆ ಕಟ್ಟುವವರು ದೇವರ ಕೋಣೆಗಿಂತ ಮೊದಲು ಸಂಪಿಗೆ ಜಾಗ ನೋಡುತ್ತಾರೆ. ಸಂಪು ತೋಡಿಸುವ ಶಕ್ತಿಯಿಲ್ಲದವರ ಬಾಗಿಲಲ್ಲಿ ನೀಲಿ ಡ್ರಮ್ಮು, ಸಿಮೆಂಟ್ ತೊಟ್ಟಿ, ಬಿಂದಿಗೆ, ಬಕೆಟ್ಟು, ಮುಚ್ಚಳ ಕಳೆದುಕೊಂಡ ಸಿಂಟೆಕ್ಸ್. ಕೌಲ್ ಬಜಾರ್, ಮಿಲ್ಲರ್‌ಪೇಟೆ, ಬ್ರೂಸ್‌ಪೇಟೆಯ ಸಂದಿಗಳಲ್ಲಿ ಮನುಷ್ಯರು ಅಡ್ಡಡ್ಡ ತಿರುಗಿ ದಾಟಬೇಕು. ಉಳಿದ ಜಾಗವೆಲ್ಲ ಡ್ರಮ್ಮುಗಳದ್ದು.

ಡೆಂಗಿ, ಚಿಕೂನ್‌ಗುನ್ಯಾ, ಝಿಕಾ ಮೂರನ್ನೂ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆಗೆ ಬೇಕಾದದ್ದೂ ಅದೇ ಡ್ರಮ್ಮು. ಚರಂಡಿಯ ಕೊಚ್ಚೆ ಅದಕ್ಕೆ ಒಗ್ಗುವುದಿಲ್ಲ. ನೆರಳಲ್ಲಿ ಅಲುಗಾಡದೆ ನಿಂತ ತಿಳಿನೀರು ಬೇಕು. ನಮ್ಮ ಸೀಮೆಯ ಬಿಸಿಗೆ ಮೊಟ್ಟೆಯಿಂದ ರೆಕ್ಕೆ ಬರುವ ತನಕ ಏಳರಿಂದ ಹತ್ತು ದಿನ ಸಾಕು. ನಳದ ಪಾಳಿಯೂ ಏಳರಿಂದ ಹತ್ತು ದಿನ. ನೀರು ಬಿಟ್ಟ ದಿನ ಮೊಟ್ಟೆಯಿಟ್ಟರೆ ಮುಂದಿನ ಪಾಳಿಯ ಹೊತ್ತಿಗೆ ಮರಿ ಹಾರಲು ಸಿದ್ಧ. ಯಾರೋ ಕೂತು ಲೆಕ್ಕ ಹಾಕಿ ಹೊಂದಿಸಿದ ಹಾಗಿದೆ.

ವಾರದಲ್ಲಿ ಒಂದು ದಿನ ಎಲ್ಲ ಪಾತ್ರೆ ಖಾಲಿ ಮಾಡಿ ಒಣಗಿಸಿ ಎಂದು ಆರೋಗ್ಯ ಇಲಾಖೆ ಹೇಳುತ್ತದೆ. ಮಾತು ಸರಿಯೇ. ಬರೀ ಚೆಲ್ಲಿದರೂ ಸಾಲದು, ಒಳಗೋಡೆಯನ್ನು ಉಜ್ಜಬೇಕು. ಏಕೆಂದರೆ ಈಡಿಸ್ ಮೊಟ್ಟೆ ನೀರಿನ ಮಟ್ಟದ ಅಂಚಿಗೆ ಅಂಟಿಕೊಂಡಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಮತ್ತೆ ನೀರು ತಾಕಿದರೆ ಒಡೆಯುತ್ತದೆ. ಆದರೆ ಆರನೇ ದಿನ ಅರ್ಧ ಡ್ರಮ್ಮು ನೀರು ಉಳಿದಿದೆ, ಮುಂದಿನ ಪಾಳಿ ನಾಳೆಯೋ ಇನ್ನು ನಾಲ್ಕು ದಿನಕ್ಕೋ ಗೊತ್ತಿಲ್ಲ ಎಂದಾದರೆ ಯಾವ ತಾಯಿ ಆ ನೀರನ್ನು ಚರಂಡಿಗೆ ಸುರಿಯುತ್ತಾಳೆ? ಪಾಳಿ ಇಂಥ ದಿನ, ಇಂಥ ಹೊತ್ತಿಗೆ ಎಂದು ಖಚಿತವಿದ್ದರೆ ಹಿಂದಿನ ರಾತ್ರಿ ತೊಟ್ಟಿ ತೊಳೆದಿಡುತ್ತಾಳೆ, ಹೇಳಿಸಿಕೊಳ್ಳದೆಯೇ. ನೀರು ಕಡಿಮೆ ಇರುವುದಕ್ಕಿಂತ ನೀರು ಯಾವಾಗ ಬರುತ್ತದೆಂದು ತಿಳಿಯದಿರುವುದೇ ಇಲ್ಲಿ ಸೊಳ್ಳೆ ಸಾಕುತ್ತಿದೆ ಎಂಬುದು ನನ್ನ ದೂರು.

ಇದು ಬಳ್ಳಾರಿಗಷ್ಟೇ ಬಂದ ಗ್ರಹಚಾರವಲ್ಲ. ವಿಯೆಟ್ನಾಮಿನ ಹಳ್ಳಿಗಳಲ್ಲೂ ಜನ ದೊಡ್ಡ ಸಿಮೆಂಟ್ ತೊಟ್ಟಿಗಳಲ್ಲಿ ನೀರು ತುಂಬಿಡುತ್ತಾರೆ. ಅಲ್ಲಿ ತೊಟ್ಟಿ ಇಟ್ಟುಕೊಂಡವರನ್ನು ಗದರಿಸುವ ಬದಲು, ತೊಟ್ಟಿ ಇದ್ದೇ ಇರುತ್ತದೆ ಎಂದು ಒಪ್ಪಿಕೊಂಡು ಕೆಲಸ ಶುರು ಮಾಡಿದರು. ಸೊಳ್ಳೆಮರಿಯನ್ನು ತಿನ್ನುವ ಮೀಸೊಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜಲಜೀವಿಯನ್ನು ದೊಡ್ಡ ತೊಟ್ಟಿಗಳಿಗೆ ಬಿಟ್ಟರು, ಊರಿನ ಸ್ವಯಂಸೇವಕರು ಮನೆಮನೆ ತಿರುಗಿ ನೋಡಿಕೊಂಡರು, ಶಾಲೆಯ ಮಕ್ಕಳನ್ನೂ ಸೇರಿಸಿಕೊಂಡು ಬಿಸಾಡಿದ ಡಬ್ಬಿ-ಟೈರು ಎತ್ತಿಸಿದರು. 37 ಕಮ್ಯೂನುಗಳ (ಅಲ್ಲಿನ ಸ್ಥಳೀಯ ಆಡಳಿತ ಘಟಕಗಳ) ಪೈಕಿ 32ರಲ್ಲಿ ಈಡಿಸ್ ಈಜಿಪ್ಟಿ ಕಾಣದಂತಾಯಿತು ಎಂಬ ವರದಿ 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ನಮ್ಮಲ್ಲಿ ಆ ಕೆಲಸಕ್ಕೆ ಗಪ್ಪಿ, ಗಾಂಬೂಸಿಯಾ ಮೀನುಗಳಿವೆ. ಮಲೇರಿಯಾ ನಿಯಂತ್ರಣದವರು ದಶಕಗಳಿಂದ ಬಾವಿ, ಹೊಂಡಗಳಿಗೆ ಬಿಡುತ್ತಿರುವ ಮೀನುಗಳೇ ಅವು. ದೊಡ್ಡ ತೊಟ್ಟಿಗೆ ಮೀನು, ಡ್ರಮ್ಮಿಗೆ ಬಿಗಿಯಾದ ಬಟ್ಟೆ ಇಲ್ಲವೇ ಬಲೆಯ ಮುಚ್ಚಳ, ಮುಚ್ಚಲಾಗದ್ದಕ್ಕೆ ಅಳತೆ ಪ್ರಕಾರ ಸೊಳ್ಳೆಮರಿ ಕೊಲ್ಲುವ ಟೆಮೆಫಾಸ್ ದ್ರಾವಣ. ಒಂದು ವಾರ್ಡಿನ ಡ್ರಮ್ಮುಗಳಿಗೆಲ್ಲ ಮುಚ್ಚಳ ಹೊಲಿಸಿ ಕೊಡುವುದು ಜೀನ್ಸ್ ಪ್ಯಾಂಟು ಹೊಲಿದು ದೇಶಕ್ಕೆಲ್ಲ ಮಾರುವ ಊರಿಗೆ ಕಷ್ಟದ ಕೆಲಸವೇ?

ಹೊಗೆಯ ವಿಷಯಕ್ಕೆ ಬರೋಣ. ಸಂಜೆ ಕತ್ತಲಾಗುವ ಹೊತ್ತಿಗೆ ಫಾಗಿಂಗ್ ಯಂತ್ರ ಗುಡುಗುಟ್ಟಿಕೊಂಡು ಓಣಿ ಪ್ರವೇಶಿಸುತ್ತದೆ, ಹಿಂದೆ ಹುಡುಗರ ದಂಡು, ಮುಂದೆ ಮೊಬೈಲ್ ಕ್ಯಾಮೆರಾ. ಮಾರನೆಯ ದಿನ ಫೋಟೊ ಎಲ್ಲ ಗುಂಪುಗಳಲ್ಲಿ. ಇದು ಯಾವ ಊರಿನಲ್ಲೂ ನೋಡಸಿಗುವ ದೃಶ್ಯ. ಆ ಹೊಗೆ ಕೊಲ್ಲುವುದು ಆ ಗಳಿಗೆಯಲ್ಲಿ ಹಾರುತ್ತಿರುವ ಸೊಳ್ಳೆಯನ್ನು ಮಾತ್ರ. ನೀರಿನೊಳಗಿನ ಮರಿಗೆ ಅದರ ಸೋಂಕೂ ಇಲ್ಲ. ಈಡಿಸ್ ಹಗಲಲ್ಲಿ ಕಚ್ಚುವ ಸೊಳ್ಳೆ. ಉಳಿದ ಹೊತ್ತು ಮನೆಯೊಳಗೆ ಮಂಚದ ಕೆಳಗೆ, ಗೂಟಕ್ಕೆ ನೇತುಹಾಕಿದ ಬಟ್ಟೆಯ ಮಡಿಕೆಯಲ್ಲಿ ಕೂತಿರುತ್ತದೆ. ಹೊಗೆ ಬಂತೆಂದು ಜನ ಬಾಗಿಲು ಕಿಟಕಿ ಮುಚ್ಚಿದರೆ ಅದಕ್ಕಿಂತ ಭದ್ರ ಜಾಗ ಸೊಳ್ಳೆಗೆ ಬೇರೊಂದಿಲ್ಲ. ರೋಗ ಎದ್ದ ಜಾಗದಲ್ಲಿ ತುರ್ತಿಗೆ ಮಾಡುವ ಕೆಲಸವೆಂದು ಮಾರ್ಗಸೂಚಿಗಳಲ್ಲಿ ಇರುವುದನ್ನು ನಾವು ಇಡೀ ಕಾರ್ಯಕ್ರಮ ಮಾಡಿಕೊಂಡಿದ್ದೇವೆ. ಜನರೂ ಇದರಲ್ಲಿ ಪಾಲುದಾರರೇ, ಒಪ್ಪುತ್ತೇನೆ. ಹೊಗೆ ಹೊಡೆಸಿದ ಸದಸ್ಯರಿಗೆ ಸಿಗುವ ಹೊಗಳಿಕೆ ಡ್ರಮ್ಮು ಉಜ್ಜಿಸಿದವರಿಗೆ ಸಿಗುವುದಿಲ್ಲ. ಆದರೂ ಕೇಳುತ್ತೇನೆ: ಹೊಗೆಗೆ ಸುಡುವ ಡೀಸೆಲ್ ಖರ್ಚನ್ನೂ ಮುಚ್ಚಳದ ಖರ್ಚನ್ನೂ ಅಕ್ಕಪಕ್ಕ ಇಟ್ಟು ಒಂದು ಸಲ ಸಾಮಾನ್ಯ ಸಭೆಯಲ್ಲಿ ಓದಿಸಿ.

ಸಿರುಗುಪ್ಪ, ಕುರುಗೋಡಿನ ಸದಸ್ಯರೇ, ನಿಮ್ಮ ಊರುಗಳಿಗೆ ಇನ್ನೊಂದು ಸೊಳ್ಳೆಯ ಲೆಕ್ಕವೂ ಸೇರುತ್ತದೆ. ತುಂಗಭದ್ರಾ ಬಲದಂಡೆಯ ಕೆಳಮಟ್ಟದ ಕಾಲುವೆ ನಿಮ್ಮ ತಾಲ್ಲೂಕುಗಳನ್ನು ಭತ್ತದ ಕಣಜ ಮಾಡಿತು. ಸೋನಾ ಮಸೂರಿಯ ಗದ್ದೆಗಳಲ್ಲಿ ನಿಂತ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆಗಳು ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮಿದುಳುಜ್ವರ ಹರಡುತ್ತವೆ. ಬೆಳ್ಳಕ್ಕಿಗಳಲ್ಲಿ ವೈರಸ್ ಇರುತ್ತದೆ, ಹಂದಿಯ ಮೈಯಲ್ಲಿ ಅದು ಹೆಚ್ಚುತ್ತದೆ, ಅಲ್ಲಿಂದ ಸೊಳ್ಳೆಯ ಮೂಲಕ ಮಕ್ಕಳಿಗೆ. 2006ರಲ್ಲಿ ಕೇಂದ್ರ ಸರ್ಕಾರ ಈ ರೋಗಕ್ಕೆ ಮೊದಲ ಸಲ ದೊಡ್ಡ ಲಸಿಕೆ ಅಭಿಯಾನ ನಡೆಸಿದಾಗ ದೇಶದಲ್ಲಿ ಆರಿಸಿದ್ದು 11 ಜಿಲ್ಲೆಗಳನ್ನು. ಕರ್ನಾಟಕದಿಂದ ಇದ್ದದ್ದು ಬಳ್ಳಾರಿ ಒಂದೇ. ಒಂದರಿಂದ ಹದಿನೈದು ವರ್ಷದ ಮಕ್ಕಳಿಗೆಲ್ಲ ಒಂದೇ ಸುತ್ತಿನಲ್ಲಿ ಚುಚ್ಚಿದರು. ಈಗ ಅದು ನಿತ್ಯದ ಲಸಿಕೆಗಳ ಪಟ್ಟಿಯಲ್ಲಿದೆ: ಒಂಬತ್ತು ತಿಂಗಳಿಗೆ ಒಂದು, ಒಂದೂವರೆ ವರ್ಷದ ಸುಮಾರಿಗೆ ಇನ್ನೊಂದು. ನಾಟಿಗೆ, ಕೊಯ್ಲಿಗೆ ಊರೂರು ಸುತ್ತುವ ಕೂಲಿಯವರ ಮಕ್ಕಳಿಗೆ, ಕ್ಯಾಂಪುಗಳ ಮಕ್ಕಳಿಗೆ ಆ ಎರಡನೆಯ ಡೋಸು ತಪ್ಪದೆ ಸಿಗುತ್ತಿದೆಯೇ ಎಂದು ನೀವು ಒಮ್ಮೆ ಕೇಳಬೇಕು. ಬೀದಿ ಹಂದಿಗಳ ವಿಷಯವಂತೂ ನೇರವಾಗಿ ನಿಮ್ಮದೇ. ಹಂದಿ ಸಾಕುವವರ ಹೊಟ್ಟೆಗೆ ಹೊಡೆಯದೆ ಊರಾಚೆ ದೊಡ್ಡಿಗೆ ಜಾಗ ಕೊಡುವುದು ಪುರಸಭೆಯಿಂದ ಆಗುವ ಕೆಲಸ.

ಗದ್ದೆಯನ್ನು ನಡುನಡುವೆ ಆರಲು ಬಿಟ್ಟು ನೀರು ಕಟ್ಟಿದರೆ ಸೊಳ್ಳೆಮರಿ ಸಾಯುತ್ತವೆ, ನೀರೂ ಉಳಿಯುತ್ತದೆ ಎಂದು ಕೃಷಿ ತಜ್ಞರು ಹೇಳುತ್ತಲೇ ಇದ್ದಾರೆ. ಕಾಲುವೆಯ ಕೊನೆಭಾಗದ ರೈತ ಅದನ್ನು ಕೇಳಿ ನಗುತ್ತಾನೆ. ಮುಂದಿನ ಸರದಿ ನೀರು ತನ್ನ ತೂಬಿಗೆ ಬಂದೀತೆಂಬ ನಂಬಿಕೆ ಇದ್ದರಲ್ಲವೇ ಇರುವ ನೀರನ್ನು ಬಸಿಯುವುದು? ಓಣಿಯ ಡ್ರಮ್ಮಿನ ಕಥೆಯೇ ಗದ್ದೆಯಲ್ಲೂ ನಡೆದಿದೆ. ಕಾಲುವೆಯ ನೀರು ಎಷ್ಟು ದಿನ, ಎಷ್ಟು ಕ್ಯೂಸೆಕ್ ಎಂಬುದು ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆಯಲ್ಲಿ, ಶಾಸಕರು ಸಚಿವರು ಕೂತು ಆಗುವ ತೀರ್ಮಾನ, ನಿಮ್ಮ ಕೈಯಲ್ಲಿಲ್ಲ. ಆದರೆ ಆ ಸಭೆಯಲ್ಲಿ ಇದುವರೆಗೆ ಎಕರೆ, ಟಿಎಂಸಿಗಳ ಮಾತಾಗಿದೆಯೇ ಹೊರತು ಜ್ವರದ ಮಾತು ಆದಂತಿಲ್ಲ. ಒಂದು ಠರಾವು ಮಾಡಿ ಕಳಿಸಲು ನಿಮಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಇನ್ನು ಅಂಕಿಸಂಖ್ಯೆ. ಜನರ ಸಿಟ್ಟು ಕುದಿಯುವುದು ಇಲ್ಲೇ. ಓಣಿಯ ಪ್ರತಿ ಎರಡನೆಯ ಮನೆಯಲ್ಲಿ ಜ್ವರ, ಆಸ್ಪತ್ರೆಯ ಮಂಚ ಸಿಗುತ್ತಿಲ್ಲ. ಪತ್ರಿಕಾ ಪ್ರಕಟಣೆಯಲ್ಲಿ ಮಾತ್ರ ಬೆರಳೆಣಿಕೆಯ ಪ್ರಕರಣ. ಇದಕ್ಕೊಂದು ತಾಂತ್ರಿಕ ಕಾರಣವಿದೆ, ಅದನ್ನು ಜನರಿಗೆ ಬಿಡಿಸಿ ಹೇಳಿದವರು ಕಡಿಮೆ. ಖಾಸಗಿ ಲ್ಯಾಬಿನಲ್ಲಿ ಬೇಗ ಸಿಗುವ ಕಾರ್ಡ್ ಟೆಸ್ಟಿನಲ್ಲಿ ಡೆಂಗಿ ಎಂದು ಬಂದರೂ ಸರ್ಕಾರದ ಲೆಕ್ಕಕ್ಕೆ ಅದು ಶಂಕಿತ ಮಾತ್ರ. ಎಲೈಸಾ ವಿಧಾನದಲ್ಲಿ, ಜ್ವರದ ಮೊದಲ ಐದು ದಿನದೊಳಗೆ ಎನ್‌ಎಸ್‌1, ಅದಾದ ಮೇಲೆ ಐಜಿಎಂ ಪರೀಕ್ಷೆಯಲ್ಲಿ ಸಿಕ್ಕರೆ ಖಚಿತ. ವೈಜ್ಞಾನಿಕವಾಗಿ ಇದರಲ್ಲಿ ತಪ್ಪಿಲ್ಲ, ಕಾರ್ಡು ಸುಳ್ಳು ಹೇಳುವುದುಂಟು. ಆದರೆ ಶಂಕಿತರೆಷ್ಟು, ಎಲೈಸಾಗೆ ಹೋದ ಮಾದರಿ ಎಷ್ಟು, ಖಚಿತವಾದದ್ದೆಷ್ಟು ಎಂಬ ಮೂರನ್ನೂ ಒಟ್ಟಿಗೆ ಪ್ರಕಟಿಸದೆ ಕೊನೆಯದನ್ನಷ್ಟೇ ಹೇಳಿದರೆ ಅದಕ್ಕೆ ಬೇರೆ ಅರ್ಥ ಬರುತ್ತದೆ. ಪರೀಕ್ಷೆ ಕಡಿಮೆ ಮಾಡಿದ ತಾಲ್ಲೂಕು ಆರೋಗ್ಯವಂತ ತಾಲ್ಲೂಕಾಗಿ ಕಾಣುತ್ತದೆ.

ಈ ಸೀಮೆಯವರಿಗೆ 2006 ನೆನಪಿರಬೇಕು. ಮೂವತ್ತು ವರ್ಷಕ್ಕೂ ಮಿಕ್ಕಿ ದೇಶದಲ್ಲಿ ಕಾಣದಿದ್ದ ಚಿಕೂನ್‌ಗುನ್ಯಾ ಆಂಧ್ರದ ಕಡೆಯಿಂದ ಮರಳಿ ಬಂದು ನಮ್ಮ ಜಿಲ್ಲೆಗಳ ಮೇಲೆ ಹಾದುಹೋಯಿತು. ಊರಿಗೆ ಊರೇ ಮಂಡಿ ಹಿಡಿದುಕೊಂಡು ಕೂತಿತು. ಬಿತ್ತನೆಗೆ ಆಳು ಸಿಗಲಿಲ್ಲ. ಆ ವರ್ಷ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕ ಸುಮಾರು 14 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು ಕರ್ನಾಟಕದವು. ಸತ್ತವರು? ಸರ್ಕಾರದ ಪ್ರಕಾರ ಯಾರೂ ಇಲ್ಲ. ಆದರೆ ಅಹಮದಾಬಾದಿನಲ್ಲಿ ಸಂಶೋಧಕರು ನಗರಪಾಲಿಕೆಯ ಮರಣ ನೋಂದಣಿಯನ್ನೇ ತೆಗೆದು, ಹಿಂದಿನ ವರ್ಷಗಳಿಗೆ ಹೋಲಿಸಿ ನೋಡಿದಾಗ, ರೋಗ ಹಬ್ಬಿದ್ದ ನಾಲ್ಕು ತಿಂಗಳಲ್ಲಿ 2,944 ಸಾವು ಹೆಚ್ಚಾಗಿದ್ದವು. ನಿಮ್ಮ ಮೂರೂ ಕಚೇರಿಗಳಲ್ಲಿ ಜನನ-ಮರಣ ನೋಂದಣಿ ವಿಭಾಗವಿದೆ. ಆ ಪುಸ್ತಕವನ್ನು ಜ್ವರದ ತಿಂಗಳುಗಳಲ್ಲಿ ಯಾರಾದರೂ ತೆರೆದು ನೋಡುತ್ತಾರೆಯೇ?

ಕಾಯಿಲೆ ಬಿದ್ದ ಮೇಲಿನ ಪಾಡು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಕುರುಗೋಡಿನಿಂದಾಗಲಿ, ಐವತ್ತು ಕಿಲೋಮೀಟರಿಗೂ ಹೆಚ್ಚು ದೂರದ ಸಿರುಗುಪ್ಪದಿಂದಾಗಲಿ, ಪ್ಲೇಟ್‌ಲೆಟ್ ಎಂಬ ಶಬ್ದ ಕಿವಿಗೆ ಬಿದ್ದ ತಕ್ಷಣ ಜನ ಗಾಡಿ ಹತ್ತುವುದು ಬಳ್ಳಾರಿಗೆ. ರಕ್ತಸ್ರಾವವಿಲ್ಲದಿದ್ದರೆ ಸಾಮಾನ್ಯವಾಗಿ 10,000ಕ್ಕಿಂತ ಕೆಳಗೆ ಇಳಿಯುವ ತನಕ ಪ್ಲೇಟ್‌ಲೆಟ್ ಏರಿಸಬೇಕಿಲ್ಲ, ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಅಪಾಯದ ಸಮಯ, ಆಗ ಹೊಟ್ಟೆನೋವು, ವಾಂತಿ, ಸುಸ್ತು ಕಂಡರೆ ತಡ ಮಾಡಬಾರದು ಎಂಬ ಎರಡು ಮಾತು ಗೊತ್ತಿದ್ದರೆ ಅರ್ಧ ಓಡಾಟ ತಪ್ಪುತ್ತದೆ, ಓಡಬೇಕಾದವರು ಸಮಯಕ್ಕೆ ಓಡುತ್ತಾರೆ. ನಿಮ್ಮ ಆಟೋ ಮೈಕಿನಲ್ಲಿ ಇದನ್ನು ಹೇಳಿಸಿ. ಖಾಸಗಿ ಲ್ಯಾಬುಗಳಲ್ಲಿ ಎಲೈಸಾ ಎನ್‌ಎಸ್‌1ಗೆ 300, ಐಜಿಎಂಗೆ 300, ಕಾರ್ಡಿಗೆ 250 ರೂಪಾಯಿ ಮೀರಬಾರದೆಂದು 2024ರ ಜುಲೈನಲ್ಲಿ ಸರ್ಕಾರ ದರ ಕಟ್ಟಿತ್ತು. ಆ ದರಪಟ್ಟಿ ಎಷ್ಟು ಲ್ಯಾಬುಗಳ ಗೋಡೆಯ ಮೇಲಿದೆ ಎಂದು ಒಂದು ಸುತ್ತು ಹಾಕಿ ಬನ್ನಿ.

ಮನೆಮನೆಗೆ ಹೋಗಿ ಟಾರ್ಚ್ ಬಿಟ್ಟು ಡ್ರಮ್ಮಿನೊಳಗೆ ಇಣುಕುವವರು ಆಶಾ ಕಾರ್ಯಕರ್ತೆಯರು. ಜನರ ಬೈಗುಳ ತಿನ್ನುವವರೂ ಅವರೇ. ‘ನೀರು ಬಿಡಲ್ಲ, ಇಟ್ಕೊಂಡಿದ್ದಕ್ಕೆ ನೋಡಾಕ ಬರ್ತೀರಿ’ ಎಂಬ ಮಾತಿಗೆ ಅವರಲ್ಲಿ ಉತ್ತರವಿಲ್ಲ, ಏಕೆಂದರೆ ನೀರು ಅವರ ಇಲಾಖೆಯದ್ದಲ್ಲ. ಸೊಳ್ಳೆಮರಿ (ಲಾರ್ವಾ) ಆರೋಗ್ಯ ಇಲಾಖೆಗೆ, ಚರಂಡಿ ಪಾಲಿಕೆಯ ಆರೋಗ್ಯ ಶಾಖೆಗೆ, ನೀರು ಎಂಜಿನಿಯರಿಂಗ್ ಶಾಖೆಗೆ, ಖಾಲಿ ಸೈಟು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ. ಸೊಳ್ಳೆಗೆ ಈ ಗಡಿಗಳೊಂದೂ ಗೊತ್ತಿಲ್ಲ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಗೆ ಕೂತು ತಿಂಗಳಿಗೆ 15,000 ರೂಪಾಯಿ ಕೇಳಿ, 10,000ದ ಭರವಸೆ ಹಿಡಿದು ಬಂದರು. ಇಡೀ ಯುದ್ಧವನ್ನು ಅವರ ಹೆಗಲಿಗೆ ಹಾಕಿ ನಾವು ದಂಡದ ರಸೀದಿ ಪುಸ್ತಕ ಅಚ್ಚು ಹಾಕಿಸುತ್ತಿದ್ದೇವೆ.

ಹಣವಿಲ್ಲ ಎಂಬ ಉತ್ತರ ದಯವಿಟ್ಟು ಬೇಡ. ಸಂಡೂರಿನ ಅದಿರು ಈ ಜಿಲ್ಲೆಯದು. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನದ ಮಾರ್ಗಸೂಚಿಯಲ್ಲಿ ಆದ್ಯತೆಯ ವಲಯಗಳೆಂದು ಹೆಸರಿಸಿದವುಗಳಲ್ಲಿ ಕುಡಿಯುವ ನೀರು, ಆರೋಗ್ಯ ಮತ್ತು ನೈರ್ಮಲ್ಯ ಸೇರಿವೆ. ಗಣಿಯ ಲಾರಿಗಳು ಓಡಿ ಸವೆದ ಟೈರುಗಳು ರಸ್ತೆಬದಿಯ ಪಂಕ್ಚರ್ ಅಂಗಡಿಗಳ ಮುಂದೆ ಮಳೆನೀರು ಹಿಡಿದು ಬಿದ್ದಿರುವುದನ್ನು ಎತ್ತಿಸಲು ಗಣಿಯ ಹಣವೇ ಬಳಕೆಯಾಗಲಿ, ನ್ಯಾಯವಾಗಿದೆ. ಮನಸ್ಸಿದ್ದರೆ ವೇಗಕ್ಕೂ ಕೊರತೆಯಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ಕಡಿದು ಹೋದಾಗ ಮುಖ್ಯಮಂತ್ರಿಯಿಂದ ಹಿಡಿದು ವೆಲ್ಡರಿನ ತನಕ ಎಲ್ಲರೂ ದಂಡೆಯ ಮೇಲಿದ್ದರು. ಹರಿಯುವ ನೀರಿನೆದುರೇ ತಾತ್ಕಾಲಿಕ ಗೇಟು ಇಳಿಸಿ ಒಂದು ವಾರದಲ್ಲಿ ತಡೆದರು. ಅದೇ ವರ್ಷ ಡೆಂಗಿ ಬೇಸಿಗೆಯಿಂದಲೇ ಏರುತ್ತಿತ್ತು, ಜುಲೈನಲ್ಲಿ ಹೈಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತ್ತು. ಸಾಂಕ್ರಾಮಿಕವೆಂಬ ಘೋಷಣೆ ಹೊರಟದ್ದು ಸೆಪ್ಟೆಂಬರಿನಲ್ಲಿ.

ನೀರು, ನೈರ್ಮಲ್ಯ, ಸಾರ್ವಜನಿಕ ಆರೋಗ್ಯ ಸಂವಿಧಾನದ ಹನ್ನೆರಡನೆಯ ಅನುಸೂಚಿಯಲ್ಲಿ ನಿಮ್ಮಂಥ ಸಂಸ್ಥೆಗಳ ಪಾಲಿಗೆ ಬರೆದಿಟ್ಟ ಕೆಲಸಗಳು. ಹಾಗಾಗಿ ಬೆಂಗಳೂರಿನ ಕಡೆ ಬೆರಳು ತೋರಿಸದೆ ನಿಮ್ಮಿಂದ ಆಗುವಷ್ಟನ್ನು ಕೇಳುತ್ತಿದ್ದೇನೆ. ಪ್ರತಿ ವಾರ್ಡಿಗೆ ನೀರು ಬಿಡುವ ದಿನ ಮತ್ತು ತಾಸನ್ನು ಒಂದು ತಿಂಗಳು ಮುಂಚಿತವಾಗಿ ಬರೆದು ಹಾಕಿ. ಹತ್ತು ದಿನಕ್ಕೊಮ್ಮೆ ಎಂದಾದರೆ ಹತ್ತು ದಿನವೆಂದೇ ಬರೆಯಿರಿ, ಆದರೆ ಬರೆದದ್ದನ್ನು ನಡೆಸಿ. ಪಾಳಿ ತಪ್ಪಿದ ವಾರ ಆ ವಾರ್ಡಿನ ಮನೆಗಳಿಗೆ ಲಾರ್ವಾ ದಂಡ ವಿಧಿಸಬಾರದೆಂದು ತೀರ್ಮಾನ ಮಾಡಿ. ಆಶಾ ಕಾರ್ಯಕರ್ತೆಯ ಜೊತೆ ನೀರು ಬಿಡುವ ವಾಲ್‌ಮ್ಯಾನನ್ನೂ ಕಳಿಸಿ. ಓಣಿಯ ಯಾವ ಮನೆಗೆ ಯಾವಾಗ ನೀರು ಹತ್ತುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ನೂರು ಮನೆ ನೋಡಿದರೆ ಎಷ್ಟರಲ್ಲಿ ಮರಿ ಸಿಕ್ಕವು ಎಂಬ ಅಂಕಿಯನ್ನು ವಾರ್ಡ್‌ವಾರು ಹೊರಗೆ ಹಾಕಿ. ಈಡಿಸ್ ಹುಟ್ಟಿದ ಜಾಗದಿಂದ ಒಂದೆರಡು ನೂರು ಮೀಟರ್ ದಾಟಿ ಹೋಗುವುದು ಅಪರೂಪ, ಆದ್ದರಿಂದ ಒಂದು ವಾರ್ಡಿನ ಅಂಕಿ ಬಹುಮಟ್ಟಿಗೆ ಆ ವಾರ್ಡಿನದೇ. ಪಕ್ಕದ ವಾರ್ಡಿನ ಸದಸ್ಯರ ಮೇಲೆ ಹಾಕಲು ಬರುವುದಿಲ್ಲ. ಸಿರುಗುಪ್ಪ, ಕುರುಗೋಡಿನಲ್ಲಿ ತೆಗೆದ ರಕ್ತದ ಮಾದರಿಯನ್ನು ದಿನವೂ ಬಳ್ಳಾರಿಗೆ ಮುಟ್ಟಿಸಲು ಒಬ್ಬ ಹುಡುಗ, ಒಂದು ಬೈಕು, ಒಂದು ಐಸ್ ಡಬ್ಬಿ ಗೊತ್ತುಮಾಡಿ. ಫಲಿತಾಂಶ ರೋಗಿಯ ಮೊಬೈಲಿಗೆ ಬರಲಿ.

ದಂಡದ ಪಟ್ಟಿಯ ಕೆಳಗೆ ಒಂದು ಸಾಲು ಸೇರಿಸಲು ನಿಮಗೆ ಅಧಿಕಾರವಿಲ್ಲದಿರಬಹುದು. ಠರಾವಿನಲ್ಲಿ ಬರೆದುಕೊಳ್ಳಬಹುದಲ್ಲ: ಪಾಲಿಕೆಯ, ನಗರಸಭೆಯ, ಪುರಸಭೆಯ ಸ್ವಂತ ಕಟ್ಟಡ, ಟ್ಯಾಂಕು, ಮಳಿಗೆ, ಗುಜರಿ ಗಾಡಿ ನಿಲ್ಲಿಸುವ ಜಾಗಗಳಲ್ಲಿ ಸೊಳ್ಳೆಮರಿ ಸಿಕ್ಕರೆ ಅದನ್ನೂ ಅದೇ ನೋಟಿಸ್ ಬೋರ್ಡಿನಲ್ಲಿ ಪ್ರಕಟಿಸುತ್ತೇವೆ ಎಂದು.

ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ನೀರಿನ ಪಾಳಿಯ ವಿಷಯ ಎಷ್ಟನೆಯದಾಗಿ ಬರುತ್ತದೋ ನೋಡಲು ನಾವು ಕೆಲವರು ಸಾರ್ವಜನಿಕರ ಸಾಲಿನಲ್ಲಿ ಕೂತಿರುತ್ತೇವೆ. ಕಾರ್ಯಸೂಚಿಯ ಪ್ರತಿ ಮುಂಚಿತವಾಗಿ ಕೊಡಿಸಿದರೆ ಉಪಕಾರ.

ಇಂತಿ,
ಬಳ್ಳಾರಿಯ ಒಬ್ಬ ನೀರಿನ ಕರ ಕಟ್ಟುವ ನಿವಾಸಿ